ಮಡಚುವ ಅಗ್ಗಿಷ್ಟಿಕೆ

ಕಾರ್ತಿಕಮಾಸ ಬಂದಿತೆಂದರೆ ನೆಲ್ಲಿಯ ಮರದ ನೆರಳನ್ನರಸಿ ವನಭೋಜನಕ್ಕೆ ಹೊರಡುವ ಪದ್ಧತಿ ನಮ್ಮ ನಾಡಿನಲ್ಲಿ ಬಹುಕಾಲದಿಂದ ನಡೆದುಬಂದಿದೆ. ನಮ್ಮ ಹಿರಿಯರು ಅದಕ್ಕಾಗಿ ಯಾವ ವಿಶೇಷ ಸಾಧನವನ್ನೂ ಕೊಂಡವರಲ್ಲ. ತೋಪಿಗೆ ಹೋದಮೇಲೆ ಮೂರು ಕಲ್ಲುಗಳನ್ನು ಹುಡುಕಿ ಹೂಡುವುದು, ಸುತ್ತ ಬಿದ್ದ ಒಣಕಡ್ಡಿಗಳನ್ನು ಆಯ್ದು ತರುವುದು, ಊದಿ ಊದಿ ಕಣ್ಣು ಕೆಂಪಗೆ ಮಾಡಿಕೊಳ್ಳುವುದು, ಕಡೆಗೆ ಹೊಗೆಯ ವಾಸನೆ ಹಿಡಿದ ಅನ್ನ ಹುಳಿಯನ್ನು ಅಮೃತವೆಂದು ಉಣ್ಣುವುದು, ಇಷ್ಟರಲ್ಲಿ ಅವರ ವನಭೋಜನ ಸಾಂಗವಾಗಿ ಮುಗಿಯುತ್ತಿತ್ತು. ಹೊಗೆಯಿಲ್ಲದಿದ್ದರೆ ಅದನ್ನು ವನಭೋಜನವೆಂದು ಅವರು ಒಪ್ಪುತ್ತಿದ್ದರೋ ಇಲ್ಲವೋ ಸಂದೇಹವೇ.

ಈಗ ಆ ಮೂರು ಕಲ್ಲುಗಳ ಸ್ಥಾನದಲ್ಲಿ ಮತ್ತೊಂದು ವಸ್ತು ಬಂದು ಕುಳಿತಿದೆ. ಪೇಟೆಯಲ್ಲಿ ಅದಕ್ಕೆ ಬಾರ್ಬೆಕ್ಯೂ ಎಂದು ಹೆಸರು. ಹೆಸರು ದೂರದ್ದು, ವೆಸ್ಟ್ ಇಂಡೀಸ್ ದ್ವೀಪಗಳ ಮೂಲನಿವಾಸಿಗಳ ಮಾತಿನಿಂದ ಸ್ಪೇನಿನವರು ಎತ್ತಿಕೊಂಡ ಶಬ್ದವದು. ಆದರೆ ವಸ್ತುವು ನಮಗೆ ಅಪರಿಚಿತವಾದುದೇನೂ ಅಲ್ಲ. ಅಕ್ಕಸಾಲಿಗನ ಎದುರಿನಲ್ಲಿಯೂ ಬಾಣಂತಿಯ ಮಂಚದ ಕೆಳಗೂ ಜೋಳ ಸುಟ್ಟು ಮಾರುವವಳ ಮುಂದೆಯೂ ನಾವೆಲ್ಲರೂ ಕಂಡಿರುವ ಅಗ್ಗಿಷ್ಟಿಕೆಯೇ ಅದು. ಅದಕ್ಕೆ ಕಾಲು ಮಡಚಿ ಕೂರುವ ವಿದ್ಯೆಯನ್ನು ಕಲಿಸಿ, ಒಂದು ಚೀಲದೊಳಗೆ ಅಡಗಿಸಿ ಕೊಡುತ್ತಾರೆ, ಅಷ್ಟೆ. ಆದಕಾರಣ ಈ ಲೇಖನದಲ್ಲಿ ಅದನ್ನು ನಾವು ಮಡಚುವ ಅಗ್ಗಿಷ್ಟಿಕೆಯೆಂದೇ ಕರೆಯುವೆವು.

ಈ ಕಾಲು ಮಡಚುವ ವಿದ್ಯೆಗೂ ಮೋಟಾರು ಗಾಡಿಗೂ ಹತ್ತಿರದ ನಂಟಿದೆ. ಅಮೆರಿಕದಲ್ಲಿ ಹೆನ್ರಿ ಫೋರ್ಡನು ತನ್ನ ಮೋಟಾರುಗಳ ಮರದ ಭಾಗಗಳನ್ನು ಕೊಯ್ದು ಉಳಿದ ಚೂರುಗಳು ವ್ಯರ್ಥವಾಗುವುದನ್ನು ಸಹಿಸಲಾರದೆ, 1920ರ ದಶಕದಲ್ಲಿ ಅವುಗಳಿಂದ ಇದ್ದಲಿನ ಬಿಲ್ಲೆಗಳನ್ನು ಮಾಡಿಸತೊಡಗಿದನು. ಮುಂದಿನ ದಶಕದಲ್ಲಿ ಆ ಬಿಲ್ಲೆಗಳೂ ಅವುಗಳನ್ನು ಉರಿಸುವ ಸಣ್ಣ ಒಲೆಯೂ ಮೋಟಾರು ಮಾರುವ ಅಂಗಡಿಯಲ್ಲಿಯೇ ದೊರೆಯುತ್ತಿದ್ದುವು. ಗಾಡಿಯನ್ನು ಕೊಂಡವನು ವಿಹಾರಕ್ಕೆ ಹೋಗಲೇಬೇಕು, ಹೋದವನಿಗೆ ಹಸಿವಾಗಲೇಬೇಕು ಎಂಬ ಲೆಕ್ಕಾಚಾರ. ನಮ್ಮ ಮನೆಗೆ ಅಗ್ಗಿಷ್ಟಿಕೆ ಬಂದುದೂ ಗಾಡಿಯನ್ನು ಕೊಂಡ ಮರುವರ್ಷವೇ ಎಂಬುದನ್ನು ನೆನೆದರೆ ಫೋರ್ಡನ ಲೆಕ್ಕ ತಪ್ಪಿದ್ದಲ್ಲವೆಂದು ತೋರುತ್ತದೆ.

ನಾವು ವರ್ಷಕ್ಕೆ ಎರಡು ಮೂರು ಬಾರಿ ಮೈಸೂರಿನಿಂದ ಹಂಗಳಕ್ಕೆ ಹೋಗುವುದುಂಟು. ಗುಂಡ್ಲುಪೇಟೆಯನ್ನು ದಾಟಿ ಊಟಿಯ ದಾರಿ ಹಿಡಿದರೆ ಸ್ವಲ್ಪ ಹೊತ್ತಿನಲ್ಲಿಯೇ ಸಿಕ್ಕುವ ಊರದು. ಅಲ್ಲಿ ಬಲಕ್ಕೆ ತಿರುಗಿದರೆ ಹಿಮವದ್ ಗೋಪಾಲಸ್ವಾಮಿ ಬೆಟ್ಟ. ತಿರುಗದೆ ನೆಟ್ಟಗೆ ನಡೆದರೆ ಬಂಡೀಪುರದ ಕಾಡು. ಮಳೆಗಾಲದ ಮೊದಲಲ್ಲಿ ರಸ್ತೆಯ ಎರಡು ಮಗ್ಗುಲಲ್ಲಿಯೂ ಸೂರ್ಯಕಾಂತಿ, ಚೆಂಡುಹೂಗಳು ಅರಳಿ ನಿಂತು, ಊಟಿಗೆ ಹೊರಟವರೆಲ್ಲ ಗಾಡಿ ನಿಲ್ಲಿಸಿ ಇಳಿಯುವಂತೆ ಮಾಡುತ್ತವೆ. ನಮ್ಮ ಸೋದರಮಾವನವರ ಹೊಲ ಊರಿನ ಹೊರಗಿದೆ. ಈರುಳ್ಳಿ, ಅರಿಸಿನ, ಒಂದಿಷ್ಟು ಬಾಳೆ, ಮನೆಗೆ ಬೇಕಾದ ತರಕಾರಿ, ಒಂದು ಕಣ, ಕಣದ ಅಂಚಿನಲ್ಲಿ ಹೊಂಗೆಯ ಮರ. ಆ ಮರದ ಪಕ್ಕದಲ್ಲಿ ಡೇರೆ ಹಾಕಿ ಒಂದೆರಡು ರಾತ್ರಿ ಮಲಗುವುದು ನಮ್ಮ ಮಕ್ಕಳಿಗೆ ಊಟಿಯ ಹೋಟೆಲಿಗಿಂತ ಪ್ರಿಯ.

ಅಗ್ಗಿಷ್ಟಿಕೆಯನ್ನು ಮೊದಲ ಸಲ ಗಾಡಿಯಿಂದ ಇಳಿಸಿದಾಗ ಮಾವನವರು ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಏನ್ ಮಗಾ, ಇಷ್ಟ್ ದೂರ ಒಲೆನೂ ಹೊತ್ಕಂಡ್ ಬಂದ್ರಾ? ನಮ್ಮನೇಲಿ ಒಲೆ ಇರ್ನಿಲ್ವಾ?" ಎಂದು ಕೇಳಿದರು. ಆ ಪ್ರಶ್ನೆಗೆ ಉತ್ತರವನ್ನು ಮಾತಿನಿಂದ ಕೊಡುವುದು ಕಷ್ಟವಾಗಿತ್ತು. ಆ ಸಂಜೆಯ ಬದನೆಕಾಯಿ ಗೊಜ್ಜು ಕೊಟ್ಟಿತು. ಅದನ್ನು ಮುಂದೆ ಹೇಳುವೆವು.

ಕೊಳ್ಳುವ ವಿಷಯವನ್ನು ಮೊದಲು ನೋಡೋಣ. ಪೇಟೆಯಲ್ಲಿ ಹುಡುಕುತ್ತ ಹೋದರೆ ನಾಲ್ಕಾರು ಬಗೆಗಳು ಕಣ್ಣಿಗೆ ಬೀಳುತ್ತವೆ. ಕೈಪೆಟ್ಟಿಗೆಯಂತೆ ತೆರೆದು ಮುಚ್ಚುವುದೊಂದು, ಪುಸ್ತಕದಂತೆ ಚಪ್ಪಟೆಯಾಗಿ ಮಡಚಿಕೊಳ್ಳುವುದೊಂದು, ಬಕೀಟಿನ ಆಕಾರದ್ದೊಂದು, ಸರಳುಗಳನ್ನು ಸಿಕ್ಕಿಸಿ ನಿಲ್ಲಿಸುವುದು ಮತ್ತೊಂದು. ಇವಲ್ಲದೆ, ತೆಳುವಾದ ಹಾಳೆಯ ತಟ್ಟೆಯಲ್ಲಿ ಇದ್ದಲು ತುಂಬಿ ಒಂದೇ ಬಾರಿ ಉಪಯೋಗಿಸಿ ಬಿಸಾಡತಕ್ಕ ಬಗೆಯೂ ಇದೆ. ಈ ಕಡೆಯದನ್ನು ಯಾರು ಬಿಟ್ಟಿಯಾಗಿ ಕೊಟ್ಟರೂ ತೆಗೆದುಕೊಳ್ಳಬಾರದೆಂಬುದು ನಮ್ಮ ಖಂಡಿತವಾದ ಅಭಿಪ್ರಾಯ. ಅದಕ್ಕೆ ಕಾಲಿಲ್ಲ, ನೆಲದ ಮೇಲೆಯೇ ಕೂತು ಹುಲ್ಲನ್ನು ಸುಡುತ್ತದೆ. ಮುಚ್ಚಳವಿಲ್ಲ, ಗಾಳಿಯನ್ನು ತಡೆದು ಆರಿಸುವುದಕ್ಕಾಗುವುದಿಲ್ಲ. ಉಂಡಮೇಲೆ ಬಿಸಿ ಬಿಸಿಯಾಗಿರುವಾಗಲೇ ಅದನ್ನು ಎಲ್ಲಿಯೋ ಎಸೆದು ಹೊರಡುವಂತೆ ಮನುಷ್ಯನನ್ನು ಪ್ರೇರಿಸುತ್ತದೆ.

ಉಳಿದವುಗಳಲ್ಲಿ ಆರಿಸುವಾಗ ಅಂಗಡಿಯವನ ಮಾತಿಗಿಂತ ನಮ್ಮ ಬೆರಳುಗಳ ಮಾತನ್ನು ಕೇಳುವುದು ಮೇಲು. ತಗಡನ್ನು ಎರಡು ಬೆರಳಿನಿಂದ ಒತ್ತಿದರೆ ಬಳುಕಿ ಟಪ್ಪೆಂದು ಸದ್ದು ಮಾಡಿದರೆ ಅದು ಎರಡನೆಯ ಅಡಿಗೆಗೆ ಸೊಟ್ಟಗಾಗುವುದೆಂದೇ ತಿಳಿಯಬೇಕು. ಕಾಯುವಾಗ ಹಿಗ್ಗಿ ಆರುವಾಗ ಕುಗ್ಗುವ ತೆಳುತಗಡು ತನ್ನ ಆಕಾರಕ್ಕೆ ಮರಳುವುದಿಲ್ಲ. ಸೊಟ್ಟಗಾದಮೇಲೆ ಕೀಲುಗಳು ಹಿಡಿದುಕೊಂಡು ಮಡಚುವ ಅಗ್ಗಿಷ್ಟಿಕೆಯು ಮಡಚದ ಅಗ್ಗಿಷ್ಟಿಕೆಯಾಗುತ್ತದೆ. ತುಕ್ಕು ಹಿಡಿಯದ ಉಕ್ಕಾದರೆ ಬೆಲೆ ಹೆಚ್ಚು, ಬಾಳಿಕೆಯೂ ಹೆಚ್ಚು. ಕಪ್ಪು ಬಣ್ಣ ಬಳಿದ ಸಾಮಾನ್ಯ ಉಕ್ಕು ಅಗ್ಗ. ಆದರೆ ಮೊದಲ ಸಲ ಬರಿದಾಗಿ ಅರ್ಧ ಗಂಟೆ ಉರಿಸಿ, ಬಣ್ಣದ ಕಮಟು ವಾಸನೆಯನ್ನೆಲ್ಲ ಕಳೆದ ಬಳಿಕವೇ ಅದರ ಮೇಲೆ ಆಹಾರವನ್ನಿಡತಕ್ಕದ್ದು.

ಜಾಲರಿಯ ವಿಷಯದಲ್ಲಿ ಇನ್ನಷ್ಟು ಎಚ್ಚರ ಬೇಕು. ಕೆಲವರು ಉಳಿತಾಯಕ್ಕಾಗಿ ಗುಜರಿಯಲ್ಲಿ ಸಿಕ್ಕಿದ ಕಬ್ಬಿಣದ ಬಲೆಯನ್ನು ಕತ್ತರಿಸಿ ಜಾಲರಿಯಾಗಿ ಉಪಯೋಗಿಸುತ್ತಾರೆ. ಬೇಲಿಗೆ ಕಟ್ಟುವ ಬಲೆಗೆ ತುಕ್ಕು ತಗಲದಿರಲೆಂದು ಸತುವಿನ ಲೇಪ ಕೊಟ್ಟಿರುತ್ತಾರೆ. ಕೆಂಡದ ಕಾವಿಗೆ ಆ ಸತುವು ಹೊಗೆಯಾಗಿ ಏಳುವ ಭಯವುಂಟು. ಅದನ್ನು ಸೇವಿಸಿದವರಿಗೆ ಚಳಿಜ್ವರದಂಥ ಬಾಧೆ ಬರುತ್ತದೆ. ಕೋಳಿಯ ಗೂಡಿಗೆ ಯೋಗ್ಯವಾದ ಬಲೆ ನಮ್ಮ ಒಲೆಗೆ ಯೋಗ್ಯವಲ್ಲ. ಸರಳುಗಳ ನಡುವಿನ ಸಂದು ಕಿರುಬೆರಳಿಗಿಂತ ಅಗಲವಾಗಿದ್ದರೆ ಈರುಳ್ಳಿಯ ಬಿಲ್ಲೆಗಳೆಲ್ಲ ಅಗ್ನಿದೇವನ ಪಾಲಾಗುತ್ತವೆ. ಜಾಲರಿಗೂ ಕೆಂಡಕ್ಕೂ ನಡುವೆ ನಾಲ್ಕೈದು ಅಂಗುಲಗಳ ಅಂತರವಿರಬೇಕು. ಅದನ್ನು ಏರಿಸಿ ಇಳಿಸಲು ಎರಡು ಮೆಟ್ಟಲುಗಳಿದ್ದರೆ ಮತ್ತೂ ಒಳ್ಳೆಯದು.

ಕೆಂಡದ ತಳದಲ್ಲಿ ಗಾಳಿಯಾಡುವ ರಂಧ್ರಗಳು, ಅವುಗಳ ಕೆಳಗೆ ಉದುರುವ ಬೂದಿಯನ್ನೂ ಕಿಡಿಯನ್ನೂ ಹಿಡಿಯುವ ತಟ್ಟೆ, ನೆಲದಿಂದ ಒಂದು ಗೇಣಾದರೂ ಎತ್ತರಿಸುವ ಕಾಲುಗಳು, ಇವು ಮೂರೂ ಇಲ್ಲದುದನ್ನು ಕೊಳ್ಳಬಾರದು. ಮುಚ್ಚಳವೂ ಇದ್ದರೆ ಉತ್ತಮೋತ್ತಮ. 1952ರಲ್ಲಿ ಚಿಕಾಗೋ ಸೀಮೆಯ ಜಾರ್ಜ್ ಸ್ಟೀಫನ್ ಎಂಬುವನು, ನೀರಿನ ಮೇಲೆ ತೇಲಿಬಿಡುವ ಲೋಹದ ಬುರುಡೆಯನ್ನು ಎರಡಾಗಿ ಕತ್ತರಿಸಿ, ಅರ್ಧವನ್ನು ಒಲೆಯಾಗಿಯೂ ಅರ್ಧವನ್ನು ಮುಚ್ಚಳವಾಗಿಯೂ ಮಾಡಿದನು. ಗಾಳಿಗೆ ಬೂದಿ ಹಾರಿ ಊಟದ ಮೇಲೆ ಬೀಳುವುದು ಅವನಿಗೆ ಸಾಕಾಗಿಹೋಗಿತ್ತಂತೆ. ಆ ಮುಚ್ಚಳಕ್ಕೆ ಬೇಯಿಸುವ ಗುಣ ಎಷ್ಟಿದೆಯೋ ಆರಿಸುವ ಗುಣವೂ ಅಷ್ಟೇ ಇದೆ. ಕಡೆಯದಾಗಿ ಸ್ಥಿರತೆ. ನಾವು ಅಂಗಡಿಯಲ್ಲಿಯೇ ಅಗ್ಗಿಷ್ಟಿಕೆಯನ್ನು ಬಿಡಿಸಿ ನಿಲ್ಲಿಸಿ, ಅದರ ಮೇಲೆ ನೀರು ತುಂಬಿದ ಒಂದು ಪಾತ್ರೆಯನ್ನಿರಿಸಿ, ಮೊಣಕಾಲಿನಿಂದ ಮೆಲ್ಲನೆ ತಗಲಿಸಿ ನೋಡಿದೆವು. ಅಂಗಡಿಯ ಹುಡುಗನು ಮುಖ ಗಂಟಿಕ್ಕಿದನು, ಅಗ್ಗಿಷ್ಟಿಕೆ ಅಲುಗಲಿಲ್ಲ. ಅದನ್ನೇ ಕೊಂಡೆವು. ಒಂದೂಕಾಲು ಅಡಿ ಉದ್ದ, ಹತ್ತು ಅಂಗುಲ ಅಗಲ, ಮೂರೂವರೆ ಕಿಲೋ ತೂಕ. ಆರು ಮಂದಿಯ ಸಂಸಾರಕ್ಕೆ ಇದಕ್ಕಿಂತ ದೊಡ್ಡದು ಬೇಕಿಲ್ಲ.

ಇಲ್ಲಿ ಒಂದು ಮಾತನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. ಅನ್ನ ಸಾರು ಮಾಡುವುದಕ್ಕೂ ಹಾಲು ಕಾಯಿಸುವುದಕ್ಕೂ ಅಗ್ಗಿಷ್ಟಿಕೆ ತಕ್ಕ ಸಾಧನವಲ್ಲ. ಅದಕ್ಕೆ ಹಿಂದೆ ಸೀಮೆಎಣ್ಣೆಯ ಪಂಪು ಸ್ಟೌ ಇತ್ತು. 1892ರಲ್ಲಿ ಸ್ವೀಡನ್ ದೇಶದಲ್ಲಿ ಹುಟ್ಟಿ, ಪ್ರೈಮಸ್ ಎಂಬ ಹೆಸರಿನಿಂದ ನಮ್ಮ ಹಳ್ಳಿಗಳವರೆಗೂ ಬಂದ ಆ ಸ್ಟೌವಿನ ಭೋರ್ಗರೆತವನ್ನು ಕೇಳಿ ಬೆಳೆದವರು ಈಗಲೂ ಇದ್ದಾರೆ. ಇಂದು ಸಣ್ಣ ಅನಿಲದ ಡಬ್ಬಿಯ ಒಲೆ ಆ ಕೆಲಸವನ್ನು ಸದ್ದಿಲ್ಲದೆ ಮಾಡುತ್ತದೆ. ತಿರುಪನ್ನು ತಿರುಗಿಸಿದೊಡನೆ ಆರುತ್ತದೆ. ಅಗ್ಗಿಷ್ಟಿಕೆಯು ಸುಡುವುದಕ್ಕಾಗಿ ಇರುವುದು. ಅದರಲ್ಲಿ ಕಾಫಿ ಕಾಯಿಸಹೊರಟವರು ಮಧ್ಯಾಹ್ನಕ್ಕೆ ಕುಡಿದಾರು.

ಇನ್ನು ಇದ್ದಲು. ನಮ್ಮ ಕಡೆ ಸುಲಭವಾಗಿ ದೊರೆಯುವುದು ಬಳ್ಳಾರಿ ಜಾಲಿಯ ಇದ್ದಲು ಮತ್ತು ತೆಂಗಿನ ಚಿಪ್ಪಿನ ಇದ್ದಲು. ಜಾಲಿಯದು ಬೇಗ ಹತ್ತಿಕೊಳ್ಳುತ್ತದೆ, ಆದರೆ ಕೊಂಚ ತೇವವಿದ್ದರೂ ಚಟಪಟನೆ ಸಿಡಿಯುತ್ತದೆ. ಚಿಪ್ಪಿನದು ನಿಧಾನವಾಗಿ ಹತ್ತಿ, ಹೊಗೆ ಕಡಮೆಯಾಗಿ, ಬಹಳ ಹೊತ್ತು ಕಾವು ಕೊಡುತ್ತದೆ. ಕಿಡಿ ಹಾರಿದರೆ ಅನರ್ಥವಾಗುವ ಹಂಗಳದಂಥ ಕಡೆ ನಾವು ಚಿಪ್ಪಿನ ಇದ್ದಲನ್ನೇ ಒಯ್ಯುತ್ತೇವೆ. ಆರು ಜನರಿಗೆ ಒಂದು ಕಿಲೋ ಧಾರಾಳವಾಗಿ ಸಾಕು. ಹೊತ್ತಿಸಲು ಸೀಮೆಎಣ್ಣೆ, ಪೆಟ್ರೋಲುಗಳನ್ನು ಸರ್ವಥಾ ಸೋಂಕಿಸಕೂಡದು. ಬದನೆಕಾಯಿಗೆ ಸೀಮೆಎಣ್ಣೆಯ ವಾಸನೆ ಹತ್ತುವುದು ಅದರ ಚಿಕ್ಕ ದೋಷ; ಅರೆ ಹೊತ್ತಿದ ಇದ್ದಲಿನ ಮೇಲೆ ಸುರಿದಾಗ ಜ್ವಾಲೆಯು ಸುರಿದವರ ಕೈಯವರೆಗೆ ಏರಿಬರುವುದು ದೊಡ್ಡ ದೋಷ. ಒಣಗಿದ ತೆಂಗಿನ ನಾರು ಒಂದು ಹಿಡಿ, ಎರಡು ಬಿಲ್ಲೆ ಕರ್ಪೂರ, ಅದರ ಮೇಲೆ ಗೋಪುರದಂತೆ ಒಟ್ಟಿದ ಇದ್ದಲು, ಇವು ಸಾಕು. ಎರಡು ಕಡೆಯೂ ತೆರೆದ ಹಳೆಯ ತಗಡಿನ ಡಬ್ಬವೊಂದನ್ನು ಅದರ ಸುತ್ತ ಚಿಮಣಿಯಂತೆ ನಿಲ್ಲಿಸಿದರೆ ಬೀಸಣಿಗೆಯ ಕೆಲಸವೂ ಉಳಿಯುತ್ತದೆ.

ಆಮೇಲೆ ಬೇಕಾದುದು ತಾಳ್ಮೆ. ಮಕ್ಕಳು ಮೊದಲ ಜ್ವಾಲೆಯನ್ನು ಕಂಡೊಡನೆ ಜೋಳವನ್ನು ತಂದಿಡಲು ಹಾತೊರೆಯುತ್ತಾರೆ. ಜ್ವಾಲೆಯಲ್ಲಿ ಇಟ್ಟುದು ಹೊರಗೆ ಕರಿಯಾಗಿ ಒಳಗೆ ಹಸಿಯಾಗುತ್ತದೆ. ಇಪ್ಪತ್ತು ಇಪ್ಪತ್ತೈದು ನಿಮಿಷ ಕಾದು, ಉರಿ ಅಡಗಿ, ಇದ್ದಲಿನ ಮೈಮೇಲೆಲ್ಲ ಬೆಳ್ಳಗೆ ಬೂದಿ ಕಟ್ಟಿದಾಗ ಅಗ್ಗಿಷ್ಟಿಕೆಯು ಅಡಿಗೆಗೆ ಸಿದ್ಧವಾಯಿತೆಂದು ತಿಳಿಯಬೇಕು. ಜಾಲರಿಯ ಮೇಲೆ ಒಂದು ಚೋಟು ಎತ್ತರದಲ್ಲಿ ಅಂಗೈಯನ್ನು ಹಿಡಿದು ಎಣಿಸಿರಿ. ಎರಡೆನ್ನುವಷ್ಟರಲ್ಲಿ ಕೈ ಸೆಳೆದುಕೊಂಡರೆ ಕಾವು ಹೆಚ್ಚು. ನಾಲ್ಕೈದರವರೆಗೆ ತಾಳಿದರೆ ತರಕಾರಿಗೆ ಸರಿಯಾದ ಹದ. ಕೆಂಡವನ್ನು ಒಂದು ಮಗ್ಗುಲಿಗೆ ಹೆಚ್ಚಾಗಿ ಮತ್ತೊಂದಕ್ಕೆ ಕಡಮೆಯಾಗಿ ಸರಿಸಿದರೆ, ಸುಡುವುದಕ್ಕೊಂದು ಜಾಗ, ಬಿಸಿಯಾಗಿರಿಸುವುದಕ್ಕೊಂದು ಜಾಗ ಆಗುತ್ತದೆ.

ಏನೇನನ್ನು ಸುಡಬಹುದೆಂಬ ಪ್ರಶ್ನೆಗೆ ಹಂಗಳದ ಹೊಲವೇ ಉತ್ತರ ಹೇಳುತ್ತದೆ. ಮುಸುಕಿನ ಜೋಳವನ್ನು ಸಿಪ್ಪೆ ಸಹಿತ ಅರ್ಧ ಗಂಟೆ ನೀರಿನಲ್ಲಿ ನೆನೆಯಿಟ್ಟು ಹಾಗೆಯೇ ಜಾಲರಿಯ ಮೇಲಿಟ್ಟರೆ, ತನ್ನ ಹಬೆಯಲ್ಲಿ ತಾನೇ ಬೇಯುತ್ತದೆ. ಕಡೆಗೆ ಸಿಪ್ಪೆ ಸುಲಿದು ಎರಡು ನಿಮಿಷ ಕೆಂಡ ತೋರಿಸಿ, ನಿಂಬೆಹಣ್ಣಿನ ಹೋಳಿಗೆ ಉಪ್ಪು ಖಾರ ಹಚ್ಚಿ ಉಜ್ಜಬೇಕು. ಗೆಣಸನ್ನು ಕೆಂಡದ ಅಂಚಿನ ಬೂದಿಯಲ್ಲಿ ಹೂತಿಟ್ಟು ಮರೆತುಬಿಡಬಹುದು. ಬಾಳೆಕಾಯನ್ನು ಸಿಪ್ಪೆ ಕರಿಯಾಗುವವರೆಗೆ ಸುಟ್ಟು ಸುಲಿದರೆ ಒಳಗೆ ಬೆಣ್ಣೆಯಂತಿರುತ್ತದೆ. ದೊಣ್ಣೆಮೆಣಸಿನಕಾಯಿ, ಈರುಳ್ಳಿ, ಟೊಮೇಟೊಗಳನ್ನು ಕಡ್ಡಿಗೆ ಪೋಣಿಸುವ ಕೆಲಸ ಮಕ್ಕಳದು. ಮಾಂಸಾಹಾರಿಗಳಾದ ಸ್ನೇಹಿತರು ಜೊತೆಗೆ ಬಂದಾಗ ಅವರಿಗೆ ಬೇರೊಂದು ಜಾಲರಿಯಿರುತ್ತದೆ. ಕೋಳಿಯ ಜಿಡ್ಡು ಕೆಂಡಕ್ಕೆ ತೊಟ್ಟಿಕ್ಕಿ ಉರಿ ಏಳುವುದರಿಂದ ಅದನ್ನು ಕಡಮೆ ಕೆಂಡದ ಮಗ್ಗುಲಲ್ಲಿರಿಸಿ, ಎಲುಬಿನ ಬಳಿ ಕೆಂಪು ಉಳಿಯದಂತೆ ಪೂರ್ತಿಯಾಗಿ ಬೇಯಿಸಬೇಕೆಂದು ಅವರಿಂದ ಕಲಿತಿದ್ದೇವೆ.

ಬದನೆಕಾಯಿಯ ಮಾತು ಉಳಿಯಿತು. ಅತ್ತೆಯವರು ತಾವೇ ಹಿತ್ತಲಿನಿಂದ ಕೊಯ್ದು ತಂದ ದಪ್ಪ ಗುಂಡು ಬದನೆಗೆ ಎಣ್ಣೆ ಸವರಿ, ನಾಲ್ಕು ಕಡೆ ಚುಚ್ಚಿ, ಕೆಂಡದ ಮೇಲೆ ಉರುಳಿಸುತ್ತ ಹೋದೆವು. ಸಿಪ್ಪೆ ಬಿರಿದು ರಸ ಒಸರಿತು. ಸುಲಿದು, ಕಿವುಚಿ, ಹುಣಿಸೆಯ ರಸ, ಉಪ್ಪು, ಹಸಿಮೆಣಸಿನಕಾಯಿ, ಹಸಿ ಈರುಳ್ಳಿ, ಮೇಲೊಂದು ಒಗ್ಗರಣೆ. ಬಿಸಿ ರಾಗಿಮುದ್ದೆಯನ್ನು ಅದರಲ್ಲಿ ಅದ್ದಿ ಒಂದು ತುತ್ತು ನುಂಗಿದ ಅತ್ತೆಯವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಅನಂತರ ಮಾವನವರ ಕಡೆ ತಿರುಗಿ, "ಗ್ಯಾಸ್ ಒಲೆ ಬಂದ್ಮೇಲೆ ಈ ರುಚೀನೇ ಮರ್ತ್ಹೋಗಿತ್ತು ಕನ" ಎಂದರು. ಅಂದಿನಿಂದ ಆ ಮನೆಯಲ್ಲಿ ಅಗ್ಗಿಷ್ಟಿಕೆಯನ್ನು ಯಾರೂ ಹಾಸ್ಯ ಮಾಡಿಲ್ಲ.

ಇಷ್ಟೆಲ್ಲ ಸುಖವಾಗಿ ನಡೆಯುವುದು ಅಗ್ಗಿಷ್ಟಿಕೆಯನ್ನು ಎಲ್ಲಿ ಹೊತ್ತಿಸಬಹುದು, ಎಲ್ಲಿ ಹೊತ್ತಿಸಕೂಡದು ಎಂಬ ವಿವೇಕವಿದ್ದಾಗ ಮಾತ್ರ. ಒಂದು ವರ್ಷ ಶಿವರಾತ್ರಿಯ ಸುಮಾರಿಗೆ ಬೆಂಗಳೂರಿನಿಂದ ನೆಂಟರ ಸಂಸಾರವೊಂದು ನಮ್ಮ ಜೊತೆಗೆ ಬಂದಿತ್ತು. ಕಣದಲ್ಲಿ ಕೂತು ಉಣ್ಣುವುದು ಅವರಿಗೆ ಅಷ್ಟು ರುಚಿಸಲಿಲ್ಲ. "ಇಷ್ಟು ದೂರ ಬಂದಮೇಲೆ ಕಾಡಿನ ಒಳಗೆ ಹೋಗಿ, ರಸ್ತೆಯ ಪಕ್ಕದಲ್ಲಿ ಎಲ್ಲಿಯಾದರೂ ಗಾಡಿ ನಿಲ್ಲಿಸಿ, ಜಿಂಕೆಗಳನ್ನು ನೋಡುತ್ತ ಅಡಿಗೆ ಮಾಡಿದರೆ ಚೆನ್ನಲ್ಲವೆ? ಮಡಚುವ ಒಲೆ ತಂದಿರುವುದು ಮತ್ತೇತಕ್ಕೆ?" ಎಂಬುದು ಅವರ ವಾದ. ಮಾತಿನಲ್ಲಿ ದುರುದ್ದೇಶವೇನೂ ಇರಲಿಲ್ಲ. ಅವರ ಹುಡುಗನು ಆಗಲೇ ಅಗ್ಗಿಷ್ಟಿಕೆಯನ್ನು ಗಾಡಿಗೆ ಏರಿಸಿಯೂ ಬಿಟ್ಟಿದ್ದನು.

ಮಾವನವರು ಗಾಡಿಯ ಬಾಗಿಲ ಬಳಿ ಬಂದು ನಿಂತರು. ನೆಂಟರ ಮೇಲೆ ಕೋಪ ತೋರಿಸುವ ಸ್ವಭಾವ ಅವರದಲ್ಲ. ಬಾಗಿ ಕಣದಂಚಿನ ಹುಲ್ಲನ್ನು ಒಂದು ಹಿಡಿ ಕಿತ್ತು, ಅಂಗೈಯಲ್ಲಿ ಹೊಸಕಿ, ಪುಡಿಯನ್ನು ಹುಡುಗನ ಕೈಗೆ ಸುರಿದರು. "ನಮ್ ಹೊಲದಲ್ಲೇ ಹಿಂಗದೆ ಮಗಾ. ಕಾಡ್ನಲ್ಲಿ ಹೆಂಗಿರ್ಬೋದು ನೋಡು" ಎಂದಷ್ಟೇ ಹೇಳಿದರು.

ಬಂಡೀಪುರದ ಕಾಡು ಎಲೆಯುದುರುವ ಜಾತಿಯದು. ನೀಲಗಿರಿ ಮತ್ತು ಪಶ್ಚಿಮ ಘಟ್ಟಗಳ ಮಳೆನೆರಳಿನಲ್ಲಿರುವುದರಿಂದ ಮಾಘ ಫಾಲ್ಗುಣಗಳಲ್ಲಿ ತೇಗ, ದಿಂಡಿಗಗಳ ಎಲೆ ನೆಲವನ್ನೆಲ್ಲ ಮುಚ್ಚಿರುತ್ತದೆ. ಆ ಎಲೆಯ ಮೇಲೆ ಒಣಹುಲ್ಲು, ಒಣಬಿದಿರು. ಅವುಗಳ ನಡುವೆ ಆಳೆತ್ತರದ ಲಂಟಾನ. ಹೊರನಾಡಿನಿಂದ ಅಲಂಕಾರಕ್ಕೆಂದು ಬಂದು ಕಾಡನ್ನೇ ಆಕ್ರಮಿಸಿದ ಈ ಪೊದೆ, ನೆಲದ ಬೆಂಕಿಯನ್ನು ಮರದ ಕೊಂಬೆಗೆ ಏರಿಸುವ ಏಣಿಯಾಗುತ್ತದೆ. 2017ರ ಫೆಬ್ರುವರಿಯಲ್ಲಿ ಇಲ್ಲಿಯ ಕಾಳ್ಗಿಚ್ಚನ್ನು ಆರಿಸಲು ಹೋದ ಅರಣ್ಯರಕ್ಷಕನೊಬ್ಬನು ಪ್ರಾಣವನ್ನೇ ತೆತ್ತನು. 2019ರ ಫೆಬ್ರುವರಿಯಲ್ಲಿ ಐದಾರು ದಿನಗಳಲ್ಲಿ ಗೋಪಾಲಸ್ವಾಮಿ ಬೆಟ್ಟದ ಆಸುಪಾಸು ಸೇರಿದಂತೆ ಹತ್ತು ಸಾವಿರ ಎಕರೆಗೂ ಮೀರಿದ ಕಾಡು ಸುಟ್ಟಿತೆಂದು ಉಪಗ್ರಹದ ಚಿತ್ರಗಳಿಂದ ಲೆಕ್ಕ ಹಾಕಿದರು. ಆ ರಾತ್ರಿಗಳಲ್ಲಿ ಮಾವನವರು ಇದೇ ಕಣದಲ್ಲಿ ನಿಂತು, ಬೆಟ್ಟದ ಮೈಮೇಲೆ ಬೆಂಕಿಯ ಸಾಲು ಮಾಲೆಯಂತೆ ಏರುವುದನ್ನು ನೋಡಿದವರು. ಬೆಳಗ್ಗೆ ಎದ್ದಾಗ ಅಂಗಳದ ರಂಗೋಲಿಯ ಮೇಲೆ ಕರಿಯ ಬೂದಿ ಉದುರಿತ್ತೆಂದು ಅತ್ತೆಯವರು ಈಗಲೂ ಹೇಳುತ್ತಾರೆ.

ಅದನ್ನೆಲ್ಲ ಮಾವನವರು ಆ ದಿನ ನೆಂಟರಿಗೆ ವಿವರಿಸಲಿಲ್ಲ, ನಾವು ವಿವರಿಸಿದೆವು. ಕಾನೂನಿನ ಮಾತನ್ನೂ ಸೇರಿಸಿದೆವು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಅಪಾಯಕ್ಕೆ ಎಡೆಯಾಗುವಂತೆ ಅಭಯಾರಣ್ಯದಲ್ಲಿ ಬೆಂಕಿ ಹೊತ್ತಿಸುವುದನ್ನೂ, ಹೊತ್ತಿಸಿದುದನ್ನು ಆರಿಸದೆ ಬಿಟ್ಟುಬರುವುದನ್ನೂ ನಿಷೇಧಿಸುತ್ತದೆ. ರಾಷ್ಟ್ರೀಯ ಉದ್ಯಾನಕ್ಕೂ ಅದು ಅನ್ವಯವಾಗುತ್ತದೆ. ಬಂಡೀಪುರದ ದಾರಿಯಲ್ಲಿ ಗಾಡಿಯಿಂದ ಇಳಿಯುವುದಕ್ಕೇ ಅನುಮತಿಯಿಲ್ಲದಿರುವಾಗ ಒಲೆ ಹೂಡುವ ಮಾತೆಲ್ಲಿ? ಗೋಪಾಲಸ್ವಾಮಿ ಬೆಟ್ಟಕ್ಕೂ ಸ್ವಂತ ಗಾಡಿಯಲ್ಲಿ ಏರುವಂತಿಲ್ಲ. ಬುಡದಲ್ಲಿ ಇಳಿದು ಸರ್ಕಾರಿ ಬಸ್ಸಿನಲ್ಲಿ ಹೋಗಿ ದೇವರಿಗೆ ಕೈಮುಗಿದು ಬರಬೇಕು. ಆ ದೇವರಿಗೂ ಈ ಕಾಡಿಗೂ ಇರುವ ನಂಟು ಹೆಸರಿನಲ್ಲಿಯೇ ಇದೆ. 1931ರಲ್ಲಿ ಮೈಸೂರಿನ ಮಹಾರಾಜರು ಇಲ್ಲಿ ಮೊದಲು ವನ್ಯಮೃಗಗಳಿಗಾಗಿ ತೊಂಬತ್ತು ಚದರ ಕಿಲೋಮೀಟರು ಕಾಡನ್ನು ಕಾಯ್ದಿರಿಸಿದಾಗ ಅದಕ್ಕೆ ವೇಣುಗೋಪಾಲನ ಹೆಸರನ್ನೇ ಇಟ್ಟರು. 1973ರಲ್ಲಿ ಹುಲಿ ಯೋಜನೆಯು ಬಂದದ್ದು ಆಮೇಲೆ.

ನೆಂಟರು ಸ್ವಲ್ಪ ಹೊತ್ತು ಮುನಿಸಿಕೊಂಡಂತೆ ಕಂಡರು. ಹುಡುಗನು ಮಾತ್ರ ಕೈಯಲ್ಲಿದ್ದ ಹುಲ್ಲಿನ ಪುಡಿಯನ್ನು ನೋಡುತ್ತ ನಿಂತು, ಆಮೇಲೆ ತಾನಾಗಿಯೇ ಅಗ್ಗಿಷ್ಟಿಕೆಯನ್ನು ಗಾಡಿಯಿಂದ ಇಳಿಸಿದನು. ಅಂದಿನ ಅಡಿಗೆ ಕಣದಲ್ಲಿಯೇ ಆಯಿತು.

ಕಣದಲ್ಲಿ ಮಾಡುವುದಕ್ಕೂ ಒಂದು ಕ್ರಮವಿದೆ. ಅದನ್ನು ಮಾವನವರು ಹೇಳಿಕೊಟ್ಟುದು ರಾಗಿ ತೂರುವ ಅನುಭವದಿಂದ. ಒಂದು ಹಿಡಿ ಧೂಳನ್ನು ಮೇಲೆತ್ತಿ ಬಿಟ್ಟು ಗಾಳಿ ಯಾವ ಕಡೆಗೆ ಬೀಸುತ್ತದೆಂದು ನೋಡುತ್ತಾರೆ. ಹುಲ್ಲಿನ ಬಣವೆ, ಡೇರೆ, ಗಾಡಿ ಇವಾವುವೂ ಗಾಳಿ ಹೋಗುವ ದಿಕ್ಕಿನಲ್ಲಿರಬಾರದು. ಬಣವೆಯಿಂದ ಮೂವತ್ತು ಹೆಜ್ಜೆ ಎಣಿಸಿ ದೂರ ಹೋಗಬೇಕು. ಎರಡು ಮಾರು ಸುತ್ತಳತೆಗೆ ನೆಲವನ್ನು ಗುಡಿಸಿ ನೀರು ಚಿಮುಕಿಸಬೇಕು. ಎರಡು ಕೊಡ ನೀರು ಕೈಗೆಟಕುವಂತಿರಬೇಕು, ಹೊತ್ತಿಸುವುದಕ್ಕೆ ಮೊದಲೇ. ಗಾಳಿ ಜೋರಾದ ದಿನ ಹೊತ್ತಿಸುವುದೇ ಇಲ್ಲ. ಹೀಗೆ ಎರಡು ಸಲ ಇದ್ದಲಿನ ಚೀಲವನ್ನು ಬಿಚ್ಚದೆಯೇ ಹಿಂದಕ್ಕೆ ತಂದದ್ದುಂಟು. ಊಟವನ್ನೂ ಕತ್ತಲಾಗುವುದಕ್ಕೆ ಮುಂಚೆ ಮುಗಿಸಿ, ಎಂಜಲನ್ನೂ ಸಿಪ್ಪೆಗಳನ್ನೂ ಡೇರೆಯ ಬಳಿ ಉಳಿಸದೆ ಒಳಗೆ ಸಾಗಿಸುತ್ತೇವೆ. ಹಂಗಳದ ಹೊಲಗಳಿಗೆ ರಾತ್ರಿ ಆನೆ ಬರುವುದು ಕಥೆಯಲ್ಲ. ಬಾಳೆಹಣ್ಣಿನ ಸಿಪ್ಪೆಯ ವಾಸನೆ ಹಿಡಿದು ಬಂದ ಅತಿಥಿಯನ್ನು ಡೇರೆಯ ಒಳಗಿನಿಂದ ಸ್ವಾಗತಿಸುವ ಧೈರ್ಯ ನಮಗಿಲ್ಲ.

ಇನ್ನೊಂದು ಅಪಾಯವು ಇದಕ್ಕಿಂತಲೂ ಮೌನವಾದುದು. ಪುಷ್ಯಮಾಸದ ಒಂದು ರಾತ್ರಿ ಬೆಟ್ಟದ ಕಡೆಯಿಂದ ಮಂಜು ಇಳಿದು ಹಲ್ಲು ಕಟಕಟಿಸುವ ಚಳಿಯಾಯಿತು. ಊಟ ಮುಗಿದಿತ್ತು, ಅಗ್ಗಿಷ್ಟಿಕೆಯಲ್ಲಿ ಒಳ್ಳೆಯ ಕೆಂಡ ಉಳಿದಿತ್ತು. ಹದಿನಾರು ವರ್ಷದ ನಮ್ಮ ಹುಡುಗನಿಗೆ ಒಂದು ಯೋಚನೆ ಹೊಳೆಯಿತು. ಅಗ್ಗಿಷ್ಟಿಕೆಯನ್ನು ಡೇರೆಯ ಒಳಗಿಟ್ಟು ಬಾಗಿಲನ್ನು ಎಳೆದುಕೊಂಡರೆ ಬೆಳಗಿನವರೆಗೆ ಬೆಚ್ಚಗಿರಬಹುದಲ್ಲವೆ? ಹೊಗೆಯೂ ಇಲ್ಲ, ಉರಿಯೂ ಇಲ್ಲ. ಅತ್ತೆಯವರೂ ಅವನ ಪಕ್ಷ ವಹಿಸಿದರು: "ಬಾಣ್ತಿ ಮಂಚದ್ ಕೆಳ್ಗೆ ಕೆಂಡ ಇಡ್ತಿರ್ನಿಲ್ವಾ? ನಾನೇ ನಾಲ್ಕ್ ಬಾಣ್ತನ ಮಾಡೀನಿ."

ಬೇಡವೆಂದು ನಾವು ಗಟ್ಟಿಯಾಗಿ ಹೇಳಿದೆವು. ಹೊಗೆಯಿಲ್ಲದ ಕೆಂಡವೇ ಇಲ್ಲಿ ಮೋಸ ಮಾಡುವುದು. ಸಾಕಷ್ಟು ಗಾಳಿ ದೊರೆಯದ ಕೆಂಡವು ಕಾರ್ಬನ್ ಮೊನಾಕ್ಸೈಡ್ ಎಂಬ ಅನಿಲವನ್ನು ಉಗುಳುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಕೆಮ್ಮು ಕೂಡ ಬರಿಸುವುದಿಲ್ಲ. ನಮ್ಮ ರಕ್ತದ ಹಿಮೊಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ ಇನ್ನೂರು ಪಾಲಿಗೂ ಹೆಚ್ಚಿನ ಬಿಗಿತದಿಂದ ಅದು ಅಂಟಿಕೊಳ್ಳುವುದರಿಂದ ಪ್ರಾಣವಾಯುವಿಗೆ ದೇಹದಲ್ಲಿ ಎಡೆ ಸಿಕ್ಕುವುದಿಲ್ಲ. ಎಚ್ಚರವಾಗಿದ್ದವರಿಗೆ ತಲೆನೋವು, ಓಕರಿಕೆ, ಮಂಪರು ಕಾಣಿಸಬಹುದು; ಮಲಗಿದವರು ಏಳುವುದೇ ಇಲ್ಲ. ಚಳಿಗಾಲದಲ್ಲಿ ಬಾಗಿಲು ಕಿಟಕಿ ಮುಚ್ಚಿ ಕೆಂಡವಿಟ್ಟುಕೊಂಡು ಮಲಗಿದ ಸಂಸಾರಗಳ ಸುದ್ದಿಯನ್ನು ಪತ್ರಿಕೆಗಳಲ್ಲಿ ಓದುತ್ತಲೇ ಇದ್ದೇವೆ. ಅತ್ತೆಯವರ ಕಾಲದ ಬಾಣಂತಿಯ ಕೋಣೆಗೆ ನಾಡಹೆಂಚಿನ ಮಾಡು, ಸಂದುಬಿಟ್ಟ ಬಾಗಿಲು. ಗಾಳಿಯು ಅಲ್ಲಿ ಕೇಳದೆಯೇ ಬಂದು ಹೋಗುತ್ತಿತ್ತು. ಆದರೂ ಅಲ್ಲಿ ಎಷ್ಟು ತಾಯಿ ಮಕ್ಕಳಿಗೆ ಇದರಿಂದ ತೊಂದರೆಯಾಗಿ ಅದಕ್ಕೆ ಬೇರೆ ಹೆಸರು ಬಿದ್ದಿತೋ ಬಲ್ಲವರಾರು? ಗಾಳಿಗೂ ಮಳೆಗೂ ಎಡೆಗೊಡದ ಈಗಿನ ಡೇರೆಯಾದರೋ ಬಿರಡೆ ಹಾಕಿದ ಸೀಸೆಯಂತೆ.

ಅತ್ತೆಯವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಒಳಗೆ ಹೋಗಿ ಎರಡು ಕರಿಯ ಕಂಬಳಿಗಳನ್ನು ತಂದರು. ಅನಿಲದ ಒಲೆಯ ಮೇಲೆ ನೀರು ಕಾಯಿಸಿ, ಬಿಗಿಯಾದ ಮುಚ್ಚಳದ ಉಕ್ಕಿನ ಸೀಸೆಗಳಲ್ಲಿ ತುಂಬಿ, ಬಟ್ಟೆ ಸುತ್ತಿ ಮಕ್ಕಳ ಕಾಲ ಬಳಿ ಇಟ್ಟೆವು. ಅಗ್ಗಿಷ್ಟಿಕೆಯು ಹೊರಗೆ, ಮುಚ್ಚಳ ಹಾಕಿಕೊಂಡು, 20 ಹೆಜ್ಜೆ ದೂರದಲ್ಲಿ ಮಲಗಿತು. ಊಟಿಯ ದಾರಿಯಲ್ಲಿ ಸದ್ದಿರಲಿಲ್ಲ. 2009ರಿಂದ ಈ ಕಾಡಿನ ಮೂಲಕ ರಾತ್ರಿ ಒಂಬತ್ತರಿಂದ ಬೆಳಗ್ಗೆ ಆರರವರೆಗೆ ಗಾಡಿಗಳ ಸಂಚಾರಕ್ಕೆ ತಡೆಯಿರುವುದು ನಮ್ಮ ನಿದ್ರೆಗೂ ಒಂದು ಉಪಕಾರ.

ಬೂದಿ ಮುಚ್ಚಿದ ಕೆಂಡವೆಂಬ ಮಾತನ್ನು ನಾವು ಮನುಷ್ಯರ ವಿಷಯದಲ್ಲಿಯೇ ಹೆಚ್ಚಾಗಿ ಬಳಸುತ್ತೇವೆ. ಅದರ ನಿಜವಾದ ಅರ್ಥ ತಿಳಿಯುವುದು ಅಗ್ಗಿಷ್ಟಿಕೆಯನ್ನು ಆರಿಸುವಾಗ. ಮುಚ್ಚಳ ಹಾಕಿ ರಂಧ್ರಗಳನ್ನು ಮುಚ್ಚಿದರೆ ಒಂದೆರಡು ಗಂಟೆಗಳಲ್ಲಿ ಕೆಂಡವು ಉಸಿರಿಲ್ಲದೆ ಆರುತ್ತದೆ. ಉಳಿದ ಇದ್ದಲು ಮರುದಿನಕ್ಕೆ ಬರುತ್ತದೆ. ಮುಚ್ಚಳವಿಲ್ಲದವರು ಇಕ್ಕಳದಿಂದ ಒಂದೊಂದೇ ಕೆಂಡವನ್ನು ನೀರು ತುಂಬಿದ ತಗಡಿನ ಡಬ್ಬಕ್ಕೆ ಹಾಕಬೇಕು. ಕಾದ ಅಗ್ಗಿಷ್ಟಿಕೆಯ ಮೇಲೆ ಒಮ್ಮೆಗೇ ಕೊಡದ ನೀರನ್ನು ಸುರಿದರೆ ಹಬೆ ಎದ್ದು ಮುಖ ಬೇಯುತ್ತದೆ, ತಗಡೂ ಸೊಟ್ಟಗಾಗುತ್ತದೆ. ಮಣ್ಣಿನಲ್ಲಿ ಹೂಳುವುದಂತೂ ಆರಿಸಿದಂತಲ್ಲ, ಅಡಗಿಸಿದಂತೆ. ಎಷ್ಟೋ ಗಂಟೆಗಳಾದಮೇಲೂ ಬರಿಗಾಲಿನ ಮಗು ಅದನ್ನು ತುಳಿಯಬಹುದು. "ಹಚ್ಚೋದು ಯಾರ್ ಬೇಕಾದ್ರೂ ಹಚ್ತಾರೆ ಕನಪ್ಪ" ಎನ್ನುತ್ತ ಮಾವನವರು ಬೆಳಗ್ಗೆ ಎದ್ದೊಡನೆ ಬೂದಿಯ ಮೇಲೆ ಅಂಗೈಯ ಹಿಂಬದಿಯನ್ನು ಹಿಡಿದು ನೋಡುತ್ತಾರೆ. ಒಂದು ಸಲ, ರಾತ್ರಿ ಎಂಟಕ್ಕೆ ಮುಚ್ಚಿದ ಅಗ್ಗಿಷ್ಟಿಕೆಯ ಬೂದಿ ಬೆಳಗ್ಗೆ ಆರಕ್ಕೂ ಬೆಚ್ಚಗಿತ್ತು. ಆದಕಾರಣ ಅದನ್ನು ಒಂದು ಹಗಲು ಪೂರ್ತಿ ತಗಡಿನ ಡಬ್ಬದಲ್ಲಿಟ್ಟು, ಪೂರಾ ತಣ್ಣಗಾದ ಮೇಲೆಯೇ ಬದನೆಯ ಪಾತಿಗೆ ಹಾಕುತ್ತಾರೆ. ಗೊಜ್ಜಾದ ಬದನೆಯ ಋಣ ಹಾಗೆ ಸಂದಾಯವಾಗುತ್ತದೆ.

ಜಾಲರಿಯನ್ನು ಬೆಚ್ಚಗಿರುವಾಗಲೇ ತೆಂಗಿನ ನಾರಿನಿಂದ ಉಜ್ಜಿದರೆ ಅರ್ಧ ಕೆಲಸ ಮುಗಿದಂತೆ. ತೊಳೆದು ಒರೆಸಿ, ತೆಳ್ಳಗೆ ಎಣ್ಣೆ ಸವರಿ, ಬಿಸಿಲಿನಲ್ಲಿ ಒಣಗಿಸಿ ಚೀಲಕ್ಕೆ ಸೇರಿಸಬೇಕು. ಬೂದಿ ತೇವವಾಗಿ ತಗಡಿಗೆ ಅಂಟಿಕೊಂಡೇ ಇದ್ದರೆ ಒಂದು ಮಳೆಗಾಲದಲ್ಲಿ ತುಕ್ಕು ಹಿಡಿದು ತಳ ತೂತಾಗುವುದುಂಟು.

ಕಳೆದ ಕಾರ್ತಿಕದಲ್ಲಿ ಹೊರಡುವಾಗ ಅತ್ತೆಯವರು, "ಅದ್ ಇಲ್ಲೇ ಇರ್ಲಿ ಬುಡಿ, ಸುಮ್ನೆ ಯಾಕ್ ಹೊತ್ಕಂಡ್ ತಿರ್ಗೀರಿ" ಎಂದು ಅಗ್ಗಿಷ್ಟಿಕೆಯನ್ನು ಉಳಿಸಿಕೊಂಡರು. ಈಗ ಅದು ಹಂಗಳದ ಹಿತ್ತಲಿನಲ್ಲಿ, ಬದನೆಯ ಪಾತಿಯ ಪಕ್ಕದಲ್ಲಿದೆ. ಬಂದಂದಿನಿಂದ ಅದನ್ನು ಅವರು ಒಮ್ಮೆಯೂ ಮಡಚಿಲ್ಲವೆಂದು ಕೇಳಿದ್ದೇವೆ. ಕೀಲುಗಳು ಬಿಗಿದುಕೊಂಡಿರಬಹುದು, ಮುಂದಿನ ಸಲ ಹೋಗುವಾಗ ಒಂದು ಸಣ್ಣ ಸೀಸೆ ಹರಳೆಣ್ಣೆಯನ್ನು ಮರೆಯದೆ ಒಯ್ಯಬೇಕು.